ಆಟ ಆಡಿದರೆ ಮಾತೂ ಆಡೀತು

ಸೆಪ್ಟೆಂಬರ್ ತಿಂಗಳ ಮೊದಲ ವಾರ. ಜಪಾನಿನ ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆ ಎಂದಿಟ್ಟುಕೊಳ್ಳಿ. ಬೇಸಿಗೆ ರಜೆ ಮುಗಿಸಿ ಬಂದ ಮೂರನೆಯ ತರಗತಿಯ ಮಕ್ಕಳು ಬಾಗಿಲಲ್ಲೇ ಬೂಟು ಕಳಚಿ, ಒಳಗೆ ಹಾಕುವ ಮೆತ್ತನೆಯ ಬೂಟು ತೊಟ್ಟು ಸಾಲಾಗಿ ಕುಳಿತಿದ್ದಾರೆ. ಅವರ ಶಿಕ್ಷಕಿಯ ಜತೆ ಒಬ್ಬ ಪರದೇಶದ ತರುಣ ಒಳಗೆ ಬರುತ್ತಾನೆ. ಅವನಿಗೆ ಜಪಾನಿ ಬಾರದು, ಮಕ್ಕಳಿಗೆ ಇಂಗ್ಲಿಷ್ ಬಾರದು. ‘ಹಲೋ’ ಎನ್ನುತ್ತಾನೆ. ಮೂವತ್ತು ಜೊತೆ ಕಣ್ಣುಗಳು ಅವನನ್ನೇ ನೋಡುತ್ತವೆ. ಬಾಯಿ ಒಂದೂ ತೆರೆಯುವುದಿಲ್ಲ.

ಜಪಾನಿನ ಶಾಲೆಗಳಿಗೆ ಈ ದೃಶ್ಯ ಹೊಸದಲ್ಲ. 1987ರಲ್ಲಿ ಅಲ್ಲಿನ ಸರ್ಕಾರ ‘ಜೆಟ್’ ಎಂಬ ಯೋಜನೆ ಆರಂಭಿಸಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಂದ 848 ಮಂದಿಯನ್ನು ಕರೆಸಿಕೊಂಡಿತು. ಅವರಲ್ಲಿ ಬಹುಪಾಲು ಜನ ಇಂಗ್ಲಿಷಿನ ಸಹಾಯಕ ಶಿಕ್ಷಕರು. 2011ರಲ್ಲಿ 5 ಮತ್ತು 6ನೇ ತರಗತಿಗಳಿಗೆ ವಿದೇಶಿ ಭಾಷೆಯ ಚಟುವಟಿಕೆ ಕಡ್ಡಾಯವಾಯಿತು. 2020ರಲ್ಲಿ ಅಲ್ಲಿ ಅದು ಪೂರ್ಣ ಪಠ್ಯವಿಷಯವಾಗಿ, ಚಟುವಟಿಕೆ 3ನೇ ತರಗತಿಗೇ ಇಳಿಯಿತು. ಹೀಗೆ ಎಂಟು ವರ್ಷದ ಮಗುವೂ ಪರಭಾಷೆಯ ಎದುರು ನಿಲ್ಲಬೇಕಾಯಿತು.

ಮೊದಲ ದಿನದ ಈ ಬಿಗುವನ್ನು ಸಡಿಲಿಸುವ ಆಟಗಳಿಗೆ ಇಂಗ್ಲಿಷಿನಲ್ಲಿ ‘ಐಸ್ ಬ್ರೇಕರ್’ ಎಂಬ ಹೆಸರಿದೆ. ಮಂಜುಗಡ್ಡೆ ಒಡೆಯುವುದು ಎಂದರ್ಥ. ಆದರೆ ಒಡೆದ ಮಂಜುಗಡ್ಡೆಯ ಚೂರೂ ಮಂಜುಗಡ್ಡೆಯೇ. ಅದು ಕರಗಬೇಕು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೂ ಶಾಖ ಹೀರಿಕೊಳ್ಳುವಾಗ ತಾಪಮಾಪಕದ ಪಾದರಸ ಕದಲುವುದೇ ಇಲ್ಲ. ನೋಡುವವರಿಗೆ ಏನೂ ಆಗುತ್ತಿಲ್ಲ ಎನಿಸುತ್ತದೆ. ಇದೇ ಗುಪ್ತೋಷ್ಣ. ಮೊದಲ ದಿನ ಸುಮ್ಮನೆ ಕೂತ ಮಗುವಿನ ಒಳಗೂ ಇಂಥದೇ ಕೆಲಸ ನಡೆದಿರುತ್ತದೆ.

ಅನುಭವಸ್ಥ ಶಿಕ್ಷಕ ಮೊದಲಿಗೆ ಮಾತು ಕೇಳುವುದಿಲ್ಲ, ಮೈಯನ್ನು ಕೇಳುತ್ತಾನೆ. ‘ಸ್ಟ್ಯಾಂಡ್ ಅಪ್’ ಎಂದು ತಾನೇ ಎದ್ದು ನಿಲ್ಲುತ್ತಾನೆ. ‘ಟಚ್ ಯುವರ್ ನೋಸ್’ ಎಂದು ಮೂಗು ಮುಟ್ಟಿಕೊಳ್ಳುತ್ತಾನೆ. ಮಕ್ಕಳೂ ನಗುತ್ತಾ ಅದನ್ನೇ ಮಾಡುತ್ತಾರೆ. ಅರ್ಥವಾಯಿತೆಂಬುದಕ್ಕೆ ಮೈಯೇ ಉತ್ತರ. ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಷರ್ 1960ರ ದಶಕದಲ್ಲಿ ಈ ಮಾರ್ಗವನ್ನೇ ಒಂದು ಬೋಧನಾಕ್ರಮವಾಗಿ ರೂಪಿಸಿದ.

ಆಮೇಲೆ ‘ಫ್ರೂಟ್ ಬಾಸ್ಕೆಟ್’ ಆಟ. ಇದು ಜಪಾನಿ ಮಕ್ಕಳಿಗೆ ಚಿರಪರಿಚಿತ. ಮಕ್ಕಳಿಗಿಂತ ಒಂದು ಕಡಿಮೆ ಕುರ್ಚಿಗಳನ್ನು ದುಂಡಗೆ ಇಡುತ್ತಾರೆ. ಕೆಲವರು ಆಪಲ್, ಕೆಲವರು ಬನಾನ. ನಡುವೆ ನಿಂತ ಮಗು ‘ಆಪಲ್’ ಎಂದರೆ ಆಪಲ್‌ಗಳೆಲ್ಲ ಎದ್ದು ಜಾಗ ಬದಲಿಸಬೇಕು. ‘ಫ್ರೂಟ್ ಬಾಸ್ಕೆಟ್’ ಎಂದರೆ ಎಲ್ಲರೂ! ಕುರ್ಚಿ ಸಿಗದ ಮಗು ಈಗ ನಡುವೆ ನಿಂತು ಹಣ್ಣಿನ ಹೆಸರು ಕೂಗಬೇಕು. ಕುರ್ಚಿ ಹಿಡಿಯುವ ಗಡಿಬಿಡಿಯಲ್ಲಿ, ತಾನು ಆಡಿದ್ದು ಇಂಗ್ಲಿಷ್ ಎಂಬುದೇ ಅದಕ್ಕೆ ಮರೆತಿರುತ್ತದೆ.

ಈ ಆಟದ ಗುಟ್ಟು ಇನ್ನೊಂದಿದೆ. ಶಾಲಾ ವಾರ್ಷಿಕೋತ್ಸವಗಳ ಮ್ಯೂಸಿಕಲ್ ಚೇರ್‌ನಲ್ಲಿ ಸೋತ ಮಗು ಹೊರಗೆ ಹೋಗುತ್ತದೆ. ಇಲ್ಲಿ ಸೋತ ಮಗು ನಡುವಿಗೆ ಬರುತ್ತದೆ. ತಪ್ಪಿದವರನ್ನು ಹೊರಗೆ ಕೂರಿಸುವ ಆಟದಲ್ಲಿ ಮೊದಲು ಹೊರಬೀಳುವುದು ಅಭ್ಯಾಸ ಹೆಚ್ಚು ಬೇಕಾದ ಮಗುವೇ. ಚುರುಕಾದವನು ಇನ್ನಷ್ಟು ಕಲಿಯುತ್ತಾನೆ. ಹಿಂದುಳಿದವನು ಗೋಡೆಗೆ ಒರಗಿ ನೋಡುತ್ತಾನೆ. ಅಂಥ ಆಟದಿಂದ ಮಂಜು ಕರಗುವ ಬದಲು ಇನ್ನಷ್ಟು ಗಟ್ಟಿಯಾದೀತು.

ಎಲ್ಲ ಆಟ ಮುಗಿದರೂ ಕಿಟಕಿಯ ಪಕ್ಕದ ಒಂದು ಮಗು ಬಾಯಿ ಬಿಟ್ಟಿರುವುದಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಕೇಳದಿದ್ದರೂ ಅದರ ಭಯ ಆ ಮಗುವಿಗೆ ಗೊತ್ತು. ಹೊಸ ಭಾಷೆಗೆ ಬಿದ್ದ ಎಷ್ಟೋ ಮಕ್ಕಳು ಬಹುಕಾಲ ಕೇಳುತ್ತಲೇ ಇದ್ದು ಆಮೇಲೆ ಮಾತಾಡುತ್ತಾರೆ. ‘ನೀನೂ ಹೇಳು’ ಎಂದು ಎಬ್ಬಿಸಿ ನಿಲ್ಲಿಸಿದರೆ ಅದುವರೆಗಿನ ಶಾಖವೆಲ್ಲ ವ್ಯರ್ಥ.

ಉಚ್ಚಾರ ತಿದ್ದುವ ಆತುರವೂ ಹಾಗೆಯೇ. ಜಪಾನಿ ಬಾಯಲ್ಲಿ ‘ಬಸ್’ ‘ಬಸು’ ಆಗುತ್ತದೆ, ‘ಮಿಲ್ಕ್’ ‘ಮಿರುಕು’ ಆಗುತ್ತದೆ. ಕನ್ನಡದ ಬಾಯಲ್ಲೂ ಬಸ್ ‘ಬಸ್ಸು’, ಪೆನ್ ‘ಪೆನ್ನು’ ತಾನೆ? ಪದದ ಕೊನೆಗೆ ಸ್ವರ ಬೇಡುವುದು ಎರಡೂ ಭಾಷೆಗಳ ಸ್ವಭಾವ. ಅದು ಮಗುವಿನ ದಡ್ಡತನವಲ್ಲ. ತಿದ್ದುವುದಕ್ಕೆ ಮುಂದೆ ವರ್ಷಗಳಿವೆ.

ಮನೆಗೆ ನೆಂಟರು ಬಂದಾಗ ‘ಇಂಗ್ಲಿಷ್‌ನಲ್ಲಿ ಒಂದು ರೈಮ್ ಹೇಳು ಪುಟ್ಟಾ’ ಎಂದು ಮಗುವನ್ನು ನಡುಮನೆಯಲ್ಲಿ ನಿಲ್ಲಿಸುವ ತಂದೆತಾಯಿಗಳು ಇದನ್ನು ಯೋಚಿಸಬೇಕು. ಮಗು ತಲೆ ತಗ್ಗಿಸಿ ನಿಂತರೆ ಫೀಜು ದಂಡವಾಯಿತೆಂದು ನಿಟ್ಟುಸಿರು ಬಿಡುವುದಕ್ಕಿಂತ, ಅದರ ಜತೆ ಕೂತು ಒಂದು ಆಟ ಆಡುವುದು ಲೇಸು. ಆಟಕ್ಕೂ ಮಾತಿಗೂ ಕನ್ನಡದಲ್ಲಿ ಇರುವುದು ‘ಆಡು’ ಎಂಬ ಒಂದೇ ಕ್ರಿಯಾಪದ.

45 ನಿಮಿಷದ ಪಿರಿಯಡ್ ಮುಗಿಯುತ್ತದೆ. ತರುಣ ‘ಗುಡ್ ಬೈ’ ಎಂದು ಕೈ ಬೀಸುತ್ತಾನೆ. ಕಿಟಕಿಯ ಪಕ್ಕದ ಮಗು ಮಾತಾಡುವುದಿಲ್ಲ, ಕೈ ಮಾತ್ರ ಬೀಸುತ್ತದೆ. ಮೊದಲ ದಿನಕ್ಕೆ ಅಷ್ಟು ಸಾಕು.