ಕರ್ಮಣಿಯಿಂದ ಕರ್ತರಿಗೆ

ನನ್ನ ಬಳಿ ಹತ್ತನೆಯ ತರಗತಿ ಓದಿದವರಿಗೆ ಕರ್ತರಿ, ಕರ್ಮಣಿ ಪ್ರಯೋಗಗಳ ಕಾಟ ನೆನಪಿರಲೇಬೇಕು. ‘ರಾಮನು ಮರವನ್ನು ಕಡಿದನು’, ‘ರಾಮನಿಂದ ಮರವು ಕಡಿಯಲ್ಪಟ್ಟಿತು’ ಎಂದು ಬರೆದು ಬೇಸತ್ತವರು, “ಇದರಿಂದ ಏನುಪಯೋಗ?” ಎಂದು ಹಿಂದಿನ ಬೆಂಚಿನಲ್ಲಿ ಗೊಣಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಹಾಗೆ ಗೊಣಗಿದವರಲ್ಲಿ ಒಬ್ಬ ಮುಂದೆ ಸೇನೆಯಲ್ಲಿ ಒಂದು ಪಡೆಯ ಮುಖ್ಯಾಧಿಕಾರಿಯಾದ. ಹೆಸರು ಬೇಡ.

ಕೆಲವು ವರ್ಷಗಳ ಹಿಂದೆ ಅವನು ದೂರವಾಣಿ ಮಾಡಿದ. ಅಭ್ಯಾಸದ ವೇಳೆ ವಾಹನ ಉರುಳಿ ಅವನ ಪಡೆಯ ಇಬ್ಬರು ಜವಾನರು ತೀರಿಕೊಂಡಿದ್ದರು. ವಿಚಾರಣೆ ಮುಗಿದಿತ್ತು. ಸೈನಿಕ ಸಮ್ಮೇಳನದಲ್ಲಿ ಅವನು ಮಾತನಾಡಬೇಕಿತ್ತು. ಆಡುವುದು ಹಿಂದಿಯಲ್ಲಾದರೂ ಮನಸ್ಸಿನ ಮಾತು ಮೊದಲು ಕನ್ನಡದಲ್ಲೇ ಬರುತ್ತದೆಂದು ಎರಡು ಪುಟ ಬರೆದು ಕಳುಹಿಸಿದ್ದ.

ಶೌರ್ಯ, ತ್ಯಾಗ, ಬಲಿದಾನಗಳಿಗೆ ಅದರಲ್ಲಿ ಕೊರತೆಯಿರಲಿಲ್ಲ. ಆದರೆ ಮುಖ್ಯವಾದ ಜಾಗದಲ್ಲಿ ಹೀಗಿತ್ತು: ‘ಆ ಮಾರ್ಗವನ್ನು ಆಯ್ಕೆ ಮಾಡಲಾಗಿತ್ತು.’

“ಯಾರಪ್ಪಾ ಆಯ್ಕೆ ಮಾಡಿದ್ದು?” ಎಂದೆ.

ಬಹಳ ಹೊತ್ತು ಸದ್ದಿಲ್ಲ. “ನಾನೇ ಸಾರ್.”

ಪಠ್ಯಪುಸ್ತಕದ ‘ಕಡಿಯಲ್ಪಟ್ಟಿತು’ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಈ ‘ಮಾಡಲಾಗಿದೆ’ ಮಾತ್ರ ಸುತ್ತೋಲೆಗಳಿಂದ ಹಿಡಿದು ಎಲ್ಲೆಲ್ಲೂ ಹಬ್ಬಿದೆ. ಅದರಲ್ಲಿ ಕೆಲಸವಿರುತ್ತದೆ, ಮಾಡಿದವನು ಇರುವುದಿಲ್ಲ. ಎಂಥ ಅನುಕೂಲ!

ಅವನಿಗೆ ಐಸೆನ್‌ಹೋವರ್ ಅವರ ಚೀಟಿಯ ಕಥೆ ಹೇಳಿದೆ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದವಷ್ಟೆ. ಸೈನಿಕರನ್ನು ಹುರಿದುಂಬಿಸುವ ಸಂದೇಶವನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ, 1,75,000 ಮಂದಿಗೆ ಹಂಚಲಾಗಿತ್ತು. (ಹಂಚಿದವರಾರೆಂದು ನನ್ನನ್ನು ಕೇಳಬೇಡಿ!) ಐಸೆನ್‌ಹೋವರ್ ಬರವಣಿಗೆಯಲ್ಲಿ ಪಳಗಿದವರೇ, ಮೂವತ್ತರ ದಶಕದಲ್ಲಿ ಜನರಲ್ ಮೆಕಾರ್ಥರ್ ಅವರ ಸಹಾಯಕರಾಗಿ ಅವರಿಗೆ ಭಾಷಣ ಬರೆದುಕೊಟ್ಟವರು. ಆದರೆ ನನಗೆ ದೊಡ್ಡದಾಗಿ ಕಾಣುವುದು ದಾಳಿ ಸೋತರೆ ಓದಲೆಂದು ಅವರು ಪೆನ್ಸಿಲಿನಲ್ಲಿ ಗೀಚಿಟ್ಟ ನಾಲ್ಕು ವಾಕ್ಯ. ಮೊದಲು, ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ ಎಂಬ ಅರ್ಥ ಬರುವಂತೆ ಬರೆದಿದ್ದರು. ಅದನ್ನು ಹೊಡೆದುಹಾಕಿ, ನಾನು ಹಿಂದಕ್ಕೆ ಕರೆಸಿದ್ದೇನೆ ಎಂದು ತಿದ್ದಿದರು. ‘ಈ ಕಾರ್ಯಾಚರಣೆ’ ಎಂದಿದ್ದುದು ‘ದಾಳಿ ಮಾಡುವ ನನ್ನ ನಿರ್ಧಾರ’ವಾಯಿತು. ತಪ್ಪೇನಾದರೂ ಇದ್ದರೆ ಅದು ತಮ್ಮೊಬ್ಬರದೇ ಎಂದು ಬರೆದು ಅಡಿಗೆರೆ ಎಳೆದರು. ಜೂನ್ 5ರ ಬದಲು ಜುಲೈ 5 ಎಂದು ತಾರೀಖು ತಪ್ಪಿ ಬಿದ್ದಿರುವುದನ್ನು ನೋಡಿದರೆ ಆ ದಿನ ಅವರ ಮನಸ್ಸು ಹೇಗಿತ್ತೆಂದು ಊಹಿಸಬಹುದು. ದಾಳಿ ಗೆದ್ದಿತು. ಜೇಬಿನಲ್ಲೇ ಉಳಿದಿದ್ದ ಚೀಟಿ ಕೆಲವು ವಾರಗಳ ಮೇಲೆ ಅವರ ಸಹಾಯಕ ಹ್ಯಾರಿ ಬುಚರ್ ಅವರ ಕೈಸೇರಿ ಉಳಿಯಿತು.

ಉಳಿದದ್ದು ತಿದ್ದುಪಡಿ. ಮೃತರಿಬ್ಬರ ಹೆಸರು, ಅವರ ಊರು ಮೊದಲ ಸಾಲಿಗೇ ಬರಲಿ ಎಂದೆ. ವಾಕ್ಯಗಳನ್ನು ತುಂಡರಿಸಿದೆವು. ಕನ್ನಡದಲ್ಲೂ ಹಿಂದಿಯಲ್ಲೂ ಕ್ರಿಯಾಪದ ಕೊನೆಗೆ ಬರುವುದರಿಂದ, ಬಯಲಿನಲ್ಲಿ ನಿಂತು ಉದ್ದದ ವಾಕ್ಯ ಆಡಿದರೆ ಅರ್ಥವೆಲ್ಲ ಇರುವ ಬಾಲವನ್ನೇ ಗಾಳಿ ಹೊತ್ತೊಯ್ಯುತ್ತದೆ. ಗಟ್ಟಿಯಾಗಿ ಓದಿಸಿದೆ, ಎರಡು ಸಲ ‘ಆ ದಾರಿಯನ್ನು ಆರಿಸಿದವನು ನಾನು’ ಎಂಬಲ್ಲಿ ಅವನ ಧ್ವನಿ ಕಟ್ಟಿತು. ಮೂರನೆಯ ಸಲ ಸಾಗಿತು. ಎರಡು ಪುಟ ಅರ್ಧ ಪುಟವಾಗಿತ್ತು.

ಹಿಂದಿಗೆ ತರುವಾಗ ಅವನು ‘ಹಮ್ ನೇ’ ಎಂದು ಬರೆದನಂತೆ. ಹಿಂದಿಯಲ್ಲಿ ಅದು ನಾವೂ ಹೌದು, ಗತ್ತಿನ ನಾನೂ ಹೌದು. ಅವನ ಸುಬೇದಾರ್ ಮೇಜರ್ ಓದಿ ನೋಡಿ, “‘ಮೈಂ ನೇ’ ಎಂದೇ ಇರಲಿ, ಸಾಹೇಬ್” ಎಂದರಂತೆ.