ನಕ್ಕ ನಗುವೂ ನುಂಗಲಾರದ ಮಾತೂ

ಅಪ್ಪ ಅಮ್ಮನನ್ನು ಘೇಂಡಾಮೃಗವೊಂದು ತಿಂದು ಹಾಕಿತು ಎಂದು ಶುರುವಾಗುವ ಕಥೆಗೆ ಮಕ್ಕಳು ನಗಬೇಕೋ ಅಳಬೇಕೋ? ನಾವಂತೂ ನಕ್ಕಿದ್ದೆವು. 1961ರಲ್ಲಿ ಬಂದ ‘ಜೇಮ್ಸ್ ಆ್ಯಂಡ್ ದ ಜೈಂಟ್ ಪೀಚ್’ ಓದಿದಂದಿನಿಂದ ರೊಆಲ್ಡ್ ಡಾಲ್ ನಮ್ಮವರಾದರು. ನೀತಿಕಥೆಗಳಲ್ಲಿ ಹಿರಿಯರು ಹೇಳಿದ್ದೇ ಸರಿ. ಡಾಲ್ ಕಥೆಗಳಲ್ಲಿ ಹಾಗಲ್ಲ. 1988ರ ‘ಮಟಿಲ್ಡಾ’ದಲ್ಲಿ, ಹುಡುಗಿಯರನ್ನು ಜಡೆ ಹಿಡಿದು ಎಸೆಯುವ ಮುಖ್ಯೋಪಾಧ್ಯಾಯಿನಿ ಊರು ಬಿಟ್ಟೋಡುವಂತೆ ಪುಟ್ಟ ಹುಡುಗಿಯೊಬ್ಬಳು ಮಾಡುತ್ತಾಳೆ. ದುರ್ಬಲರ ಪರ ನಿಲ್ಲುವ ಆ ನಗುವೇ ನಮ್ಮನ್ನು ಹಿಡಿದಿಟ್ಟದ್ದು.

ಆದ್ದರಿಂದಲೇ ಅವರ 1983ರ ಮಾತುಗಳು ತಿಳಿದಾಗ ನೋವಾಯಿತು. 1982ರಲ್ಲಿ ಇಸ್ರೇಲ್ ಲೆಬನಾನ್ ಮೇಲೆ ನಡೆಸಿದ ದಾಳಿಯನ್ನು ಖಂಡಿಸಲು ಹೊರಟವರು ಇಡೀ ಯಹೂದಿ ಸಮುದಾಯವನ್ನೇ ಹೀಗಳೆದರು. ಹಿಟ್ಲರನ ಕೃತ್ಯಕ್ಕೂ ಯಹೂದಿಗಳ ಸ್ವಭಾವದಲ್ಲೇ ಕಾರಣ ಹುಡುಕಿದರು. ಬೈರೂತ್‌ನ ಮಕ್ಕಳ ನೋವು ನಮ್ಮದೂ ಹೌದು. ಆದರೆ ಯಾರೋ ಮಾಡಿದ ತಪ್ಪಿಗೆ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸುವುದೆಂದರೇನು ಎಂದು ಮುಸ್ಲಿಮರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮಗಾದಾಗ ಅನ್ಯಾಯವಾದದ್ದು ಯಹೂದಿಗಳಿಗಾದಾಗಲೂ ಅನ್ಯಾಯವೇ.

ಡಾಲ್ 1990ರಲ್ಲಿ ತೀರಿಕೊಂಡರು. 2020ರಲ್ಲಿ ಅವರ ಕುಟುಂಬ ಆ ಮಾತುಗಳಿಗಾಗಿ ಕ್ಷಮೆ ಕೇಳಿತು. 2023ರಲ್ಲಿ, ಪ್ರಕಾಶಕರು ಅವರ ಪುಸ್ತಕಗಳಿಂದ ‘ದಪ್ಪ’, ‘ಕುರೂಪಿ’ಯಂಥ ಪದಗಳನ್ನು ತಿದ್ದಿದ್ದು ಸುದ್ದಿಯಾಯಿತು, ವಿರೋಧ ಬಂದಾಗ ಹಳೆಯ ರೂಪವನ್ನೂ ಉಳಿಸುವುದಾಗಿ ಹೇಳಿದರು. ಕಥೆ ತಿದ್ದಿದರೆ ಬರೆದವರ ತಪ್ಪು ಅಳಿಯುವುದಿಲ್ಲ. ಮಕ್ಕಳಿಗೆ ಕಥೆ ಓದಿ ನಗಿಸೋಣ. ಅವರು ಬೆಳೆದಾಗ ಆ ತಪ್ಪನ್ನೂ ಮುಚ್ಚಿಡದೆ ಹೇಳೋಣ. ದೊಡ್ಡವರೂ ತಪ್ಪು ಮಾಡುತ್ತಾರೆಂದು ಅವರಿಗೆ ಮೊದಲು ಕಲಿಸಿದ್ದು ಡಾಲ್ ಕಥೆಗಳೇ ಅಲ್ಲವೇ?