ವಿಟ್‌ಮನ್‌ನ ಲೆಕ್ಕ ಹುಡುಕಿ ನಾರ್ಮಂಡಿಯಲ್ಲಿ

ಬಾಯೂ ಪಟ್ಟಣದಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೇ ಲಾ ಕಾಂಬ್. 21,000ಕ್ಕೂ ಹೆಚ್ಚು ಜರ್ಮನ್ ಸೈನಿಕರನ್ನು ಹೂತ ಸ್ಮಶಾನವಿದು. ಹುಲ್ಲಿನ ಮೇಲೆ ಐದೈದರ ಗುಂಪಾಗಿ ನಿಂತ ಗಿಡ್ಡ ಕಪ್ಪು ಶಿಲುಬೆಗಳು. ಬಹುತೇಕ ಸಮಾಧಿಗಳತ್ತ ಯಾರೂ ಸುಳಿಯುತ್ತಿರಲಿಲ್ಲ. 47ನೇ ವಿಭಾಗದ ಒಂದು ಕಲ್ಲಿನ ಮೇಲೆ ಮಾತ್ರ ಯಾರೋ ಹೂವಿಟ್ಟಿದ್ದರು. ಅದು ಮಿಖಾಯೆಲ್ ವಿಟ್‌ಮನ್‌ನದು.

ಹಿಟ್ಲರನ ವಾಫೆನ್ ಎಸ್‌ಎಸ್‌ನ ಈ ಟೈಗರ್ ಟ್ಯಾಂಕ್ ಕಮಾಂಡರ್ 138 ಶತ್ರು ಟ್ಯಾಂಕ್‌ಗಳನ್ನು ಕೆಡವಿದನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಬಂದಿದೆ. ಅದರಲ್ಲಿ ಬಹುಪಾಲು ರಷ್ಯಾ ರಣರಂಗದ್ದು, ಬರೆದಿಟ್ಟವರು ಅವನದೇ ಪಕ್ಷದವರು.

ಅಲ್ಲಿಂದ ವಿಲೇರ್-ಬೊಕಾಜ್‌ಗೆ ಹೋದೆವು. 1944ರ ಜೂನ್ 13ರ ಬೆಳಿಗ್ಗೆ ಬ್ರಿಟಿಷರ 7ನೇ ಆರ್ಮರ್ಡ್ ಡಿವಿಷನ್ನಿನ ಮುಂಪಡೆ ಈ ಊರು ದಾಟಿ, ಸುತ್ತಮುತ್ತ ಸರಿಯಾಗಿ ಶೋಧಿಸದೆ, ರಸ್ತೆಯ ಮೇಲೇ ಸಾಲಾಗಿ ನಿಂತಿತ್ತು. ವಿಟ್‌ಮನ್ ಆ ಸಾಲಿನ ಪಕ್ಕದಲ್ಲೇ ಟೈಗರ್ ಓಡಿಸುತ್ತ ಒಂದೊಂದಕ್ಕೇ ಗುಂಡಿಟ್ಟ. ಕಾಲು ಗಂಟೆಯಲ್ಲಿ ಹತ್ತಾರು ವಾಹನಗಳು ಉರಿದವು. ಧೈರ್ಯ ಸುಳ್ಳಲ್ಲ. ಆದರೆ ಕಾಲಾಳುಗಳ ಬೆಂಬಲವಿಲ್ಲದೆ ಊರೊಳಗೆ ನುಗ್ಗಿ, ಟ್ಯಾಂಕನ್ನೇ ಕಳೆದುಕೊಂಡು, ನಡೆದು ತಪ್ಪಿಸಿಕೊಂಡವನೂ ಇವನೇ. ಮಧ್ಯಾಹ್ನದ ಕಾಳಗದಲ್ಲಿ ಬೀದಿಗಿಳಿದ ಇತರ ಜರ್ಮನ್ ಟ್ಯಾಂಕ್‌ಗಳೂ ಏಟು ತಿಂದವು. ಆ ಸಂಜೆಯೇ ಅವನ ದನಿಯನ್ನು ರೇಡಿಯೋಗೆ ಮುದ್ರಿಸಿಕೊಂಡರು. ಪ್ರಚಾರಯಂತ್ರ ಇಡೀ ದಿನದ ಬ್ರಿಟಿಷ್ ನಷ್ಟವನ್ನೆಲ್ಲ ಅವನ ಖಾತೆಗೇ ಜಮಾ ಮಾಡಿತು. ಸೋಲಿನ ಹೊಸ್ತಿಲಲ್ಲಿದ್ದ ಬರ್ಲಿನ್‌ಗೆ ಒಬ್ಬ ನಾಯಕ ಬೇಕಿತ್ತು, ಅಷ್ಟೆ.

ಜೂನ್ 30ರಂದು ಬ್ರಿಟಿಷ್ ಬಾಂಬರ್‌ಗಳು ಊರನ್ನು ನೆಲಸಮ ಮಾಡಿದ್ದರಿಂದ ಈಗ ಕಾಣುವುದೆಲ್ಲ ಯುದ್ಧಾನಂತರದ ಕಟ್ಟಡಗಳು. ಹಳೆಯ ಫೋಟೋ ಹಿಡಿದು ಬೀದಿ ಗುರುತಿಸಲು ಹೋದವರ ಪಾಡು ಕೇಳಬೇಡಿ.

ಕಾನ್‌ನಿಂದ ಫಲೇಸ್‌ಗೆ ಹೋಗುವ ರಸ್ತೆಯ ಬದಿಯಲ್ಲಿ, ಸೆಂತೋ ಹಳ್ಳಿಯ ಹತ್ತಿರ, ಮರೆಯೇ ಇಲ್ಲದ ಹೊಲಗಳು ಚಾಚಿಕೊಂಡಿವೆ. ಆಗಸ್ಟ್ 8ರಂದು ವಿಟ್‌ಮನ್ ಏಳು ಟೈಗರ್‌ಗಳ ಜೊತೆ ಈ ಬಯಲಿಗಿಳಿದ. ಐದು ಇಲ್ಲೇ ನಾಶವಾದವು, ಅವನದೂ ಸೇರಿ. ಅವನ ದೇಹದ ಅವಶೇಷಗಳು ಸಿಕ್ಕಿದ್ದು 1983ರಲ್ಲಿ.

ಹೊಡೆದವರು ಯಾರು? ಪೂರ್ವದ ತೋಟದಲ್ಲಿ ಅಡಗಿದ್ದ ಶರ್ಮನ್ ಫೈರ್‌ಫ್ಲೈ ಟ್ಯಾಂಕಿನ ಗನ್ನರ್ ಜೋ ಎಕಿನ್ಸ್ ಎಂಬ ಹೆಸರೇ ಬಹುಕಾಲ ಓಡಿತು. ಪಶ್ಚಿಮಕ್ಕಿರುವ ಗೋಮೆನಿಲ್‌ನ ಗೋಡೆಯ ಹಿಂದಿದ್ದ ಕೆನಡಾದ ರ‍್ಯಾಡ್ಲಿ-ವಾಲ್ಟರ್ಸ್ ತುಕಡಿಯವರು ಇನ್ನೂ ಹತ್ತಿರದಲ್ಲಿದ್ದರು. ಏಟು ಟ್ಯಾಂಕಿನ ಎಡಬದಿಗೆ, ಅಂದರೆ ಪಶ್ಚಿಮದಿಂದ, ಬಿದ್ದಿತ್ತೆನ್ನುವವರು ಅವರತ್ತ ಬೆರಳು ತೋರಿಸುತ್ತಾರೆ. ಎಕಿನ್ಸ್ ಮಾತ್ರ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಶೂ ಕಾರ್ಖಾನೆಯ ಕೆಲಸಕ್ಕೆ ಮರಳಿದ.